ಓಹಾಯೋ ಸ್ಟೇಟ್ – ಮಿಷಿಗನ್, ನವೆಂಬರ್ 29, 2025: ಪಂದ್ಯಕ್ಕೆ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಓಹಾಯೋ ಸ್ಟೇಟ್‌ನಲ್ಲಿ ಓದಿದವನು, ಈಗಲೂ ಕೊಲಂಬಸ್‌ನಲ್ಲೇ ಇದ್ದೇನೆ. ಅಕ್ಕನ ಮನೆ ಮಿಷಿಗನ್‌ನಲ್ಲಿ, ಭಾವ ಪಕ್ಕಾ ಮಿಷಿಗನ್ ಕಡೆಯವರು. ಹಾಗಾಗಿ ಓಹಾಯೋ ಸ್ಟೇಟ್, ಮಿಷಿಗನ್ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಬಗ್ಗೆ ಪ್ರತಿ ನವೆಂಬರ್‌ನಲ್ಲೂ ಊರಿಂದ, ಇಲ್ಲಿನ ಕನ್ನಡದವರಿಂದ, ಹೊಸದಾಗಿ ಎಂ.ಎಸ್. ಓದೋಕೆ ಬಂದ ಹುಡುಗರಿಂದ ಇದೇ ಪ್ರಶ್ನೆಗಳು ಬರುತ್ತವೆ. ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪಂದ್ಯ ಯಾವಾಗ, ಎಲ್ಲಿ?

ಶನಿವಾರ, ನವೆಂಬರ್ 29, ಮಧ್ಯಾಹ್ನ 12 ಗಂಟೆಗೆ. ಮಿಷಿಗನ್‌ನ ಆನ್ ಆರ್ಬರ್ ಊರಿನಲ್ಲಿ, ಮಿಷಿಗನ್ ಸ್ಟೇಡಿಯಂನಲ್ಲಿ. ಅಮೆರಿಕದಲ್ಲಿರುವವರಿಗೆ ಫಾಕ್ಸ್ ಚಾನೆಲ್‌ನಲ್ಲಿ ಬರುತ್ತದೆ. ಊರಲ್ಲಿ ಆಗ ಶನಿವಾರ ರಾತ್ರಿ ಹತ್ತೂವರೆ. ಪಂದ್ಯ ಮೂರೂವರೆ ಗಂಟೆ ಎಳೆಯುತ್ತದೆ, ಅಂದರೆ ಮುಗಿಯುವಾಗ ಅಲ್ಲಿ ಎರಡು ಗಂಟೆ ಆಗಿರುತ್ತದೆ.

ಕಾಲೇಜು ಹುಡುಗರ ಆಟ ತಾನೇ? ಅದಕ್ಕೆ ಇಷ್ಟೊಂದು ಗಲಾಟೆ ಯಾಕೆ?

ನಾನು ಬಂದ ಹೊಸದರಲ್ಲಿ ಇದೇ ಮಾತು ಹೇಳಿದ್ದೆ. ನಮ್ಮಲ್ಲಿ ಕಾಲೇಜು ಪಂದ್ಯ ಅಂದರೆ ಮೈದಾನದ ಸುತ್ತ ಇನ್ನೂರು ಜನ, ಒಂದು ಶಾಮಿಯಾನ, ಅಷ್ಟೇ. ಇಲ್ಲಿ ಹಾಗಲ್ಲ. ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು, ಅಮೆರಿಕದಲ್ಲೇ ದೊಡ್ಡದು. ಓಹಾಯೋ ಸ್ಟೇಡಿಯಂನಲ್ಲಿ 1,02,780. ಬೆಂಗಳೂರಿನ ಚಿನ್ನಸ್ವಾಮಿ ಎರಡು ಸಲ ತುಂಬಿದರೂ ಇಷ್ಟು ಜನ ಆಗುವುದಿಲ್ಲ. ಇವೆರಡೂ ಕಾಲೇಜಿನವು, ಪ್ರೊಫೆಷನಲ್ ತಂಡಗಳದ್ದಲ್ಲ. ಕೊಲಂಬಸ್‌ನಲ್ಲಿ ಎನ್‌ಎಫ್‌ಎಲ್ (ಪ್ರೊಫೆಷನಲ್ ಲೀಗ್) ತಂಡವೇ ಇಲ್ಲ. ಊರಿನ ಜನಕ್ಕೆ ತಮ್ಮದು ಅನ್ನುವ ಫುಟ್‌ಬಾಲ್ ತಂಡ ಇದೊಂದೇ. ಅಜ್ಜ ಓದಿದ್ದು ಇಲ್ಲಿ, ಮಗಳು ಓದುತ್ತಿರುವುದು ಇಲ್ಲಿ, ಪಕ್ಕದ ಮನೆಯವರು ಕಾಲೇಜಿನ ಮೆಟ್ಟಿಲೇ ಹತ್ತದಿದ್ದರೂ ಶನಿವಾರ ಕೆಂಪು ಅಂಗಿ ಹಾಕಿಕೊಂಡೇ ಅಂಗಡಿಗೆ ಹೋಗುವವರು.

ಆಟದ ಗಂಧಗಾಳಿ ಗೊತ್ತಿಲ್ಲ. ನೋಡೋಕೆ ಎಷ್ಟು ತಿಳಿದಿದ್ದರೆ ಸಾಕು?

ತುಂಬಾ ಕಡಿಮೆ. ಒಂದು ಕಡೆ ಹನ್ನೊಂದು ಜನ, ಮೈದಾನ 100 ಗಜ ಉದ್ದ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅದರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಈ ಅವಕಾಶಕ್ಕೇ ಡೌನ್ ಅನ್ನುವುದು. ಕೊನೆ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್, ಆಮೇಲೆ ಒದ್ದು ಇನ್ನೊಂದು. ಗೆರೆ ದಾಟೋಕೆ ಆಗಲ್ಲ ಅನ್ನಿಸಿದರೆ ದೂರದಿಂದ ಕಂಬಗಳ ನಡುವೆ ಒದೆಯಬಹುದು, ಅದು ಫೀಲ್ಡ್ ಗೋಲ್, 3 ಪಾಯಿಂಟ್.

ಮುಂದೆ ಹೋಗೋಕೆ ಇರುವುದು ಎರಡೇ ದಾರಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬೇಕು, ಇಲ್ಲವೇ ಯಾರಾದರೂ ಹಿಡಿದುಕೊಂಡು ಓಡಬೇಕು. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ. ಈ ಪಂದ್ಯ ನಿಂತಿರುವುದೇ ಅದರ ಮೇಲೆ.

"ಕಾನ್ಫರೆನ್ಸ್" ಅಂದರೆ ಏನು? ಎರಡೂ ಒಂದೇ ಕಾನ್ಫರೆನ್ಸ್‌ನವು ಅಂತಾರಲ್ಲ?

ಹೌದು, ಎರಡೂ ಬಿಗ್ ಟೆನ್ ತಂಡಗಳು. ಕಾನ್ಫರೆನ್ಸ್ ಅಂದರೆ ಕಾಲೇಜುಗಳ ಕೂಟ, ನಮ್ಮ ಕ್ರಿಕೆಟ್ ವಲಯಗಳ ಥರ ಅಂದುಕೊಳ್ಳಿ. ಹೆಸರು ಬಿಗ್ ಟೆನ್, ಇರುವುದು 18 ತಂಡ. ಪ್ರತಿ ತಂಡ ಒಂಬತ್ತು ಕಾನ್ಫರೆನ್ಸ್ ಪಂದ್ಯ ಆಡುತ್ತದೆ, ಮೇಲಿನ ಎರಡು ತಂಡ ಡಿಸೆಂಬರ್ 6ಕ್ಕೆ ಇಂಡಿಯಾನಾಪೊಲಿಸ್‌ನಲ್ಲಿ ಫೈನಲ್ ಆಡುತ್ತವೆ. ಈಗ ಓಹಾಯೋ ಸ್ಟೇಟ್ ಮತ್ತು ಇಂಡಿಯಾನಾ 8ರಲ್ಲಿ 8 ಗೆದ್ದಿವೆ. ಮಿಷಿಗನ್ ಮತ್ತು ಆರೆಗಾನ್ 8ರಲ್ಲಿ 7. ಓಹಾಯೋ ಸ್ಟೇಟ್ ಗೆದ್ದರೆ ನೇರವಾಗಿ ಫೈನಲ್‌ಗೆ. ಮಿಷಿಗನ್‌ಗೆ ತಾನು ಗೆದ್ದರಷ್ಟೇ ಸಾಲದು, ಬೇರೆಯವರೂ ಸೋಲಬೇಕು.

ಈ ಜಿದ್ದು ಶುರುವಾದದ್ದು ಎಲ್ಲಿಂದ?

ಫುಟ್‌ಬಾಲ್‌ಗೂ ಮುಂಚೆ, ಜಮೀನಿನಿಂದ! 1835ರಲ್ಲಿ ಟೊಲೀಡೊ ಊರು ಮತ್ತು ಅದರ ಸುತ್ತಲಿನ ಪಟ್ಟಿ ಯಾರದ್ದು ಅಂತ ಓಹಾಯೋ ಮತ್ತು ಮಿಷಿಗನ್ ಕಿತ್ತಾಡಿದವು. ಎರಡೂ ಕಡೆ ಬಂದೂಕು ಹಿಡಿದ ಜನ ಬಂದು ನಿಂತರು. ಒಬ್ಬ ಮಿಷಿಗನ್ ಅಧಿಕಾರಿಗೆ ಚಾಕು ತಾಗಿ ಗಾಯವಾಯಿತು, ಯಾರೂ ಸಾಯಲಿಲ್ಲ. ಕೊನೆಗೆ ಟೊಲೀಡೊ ಓಹಾಯೋಗೆ ಹೋಯಿತು. ಮಿಷಿಗನ್‌ಗೆ ಬದಲಿಗೆ ಉತ್ತರದ ಕಾಡು ಪ್ರದೇಶ ಸಿಕ್ಕಿತು, 1837ರಲ್ಲಿ ರಾಜ್ಯದ ಮಾನ್ಯತೆಯೂ ಸಿಕ್ಕಿತು. ಆಗ ಮಿಷಿಗನ್‌ನವರು ಮೋಸ ಹೋದೆವು ಅಂದುಕೊಂಡರು. ಆಮೇಲೆ ನೋಡಿದರೆ ಆ ಕಾಡಿನ ಕೆಳಗೆ ತಾಮ್ರ, ಕಬ್ಬಿಣದ ಅದಿರು.

ಮೊದಲ ಪಂದ್ಯ 1897ರಲ್ಲಿ, ಆನ್ ಆರ್ಬರ್‌ನಲ್ಲೇ. ಮಿಷಿಗನ್ 34–0 ಗೆದ್ದಿತು. ಓಹಾಯೋ ಸ್ಟೇಟ್ ಮೊದಲ ಸಲ ಗೆಲ್ಲೋಕೆ 1919ರವರೆಗೆ ಕಾಯಬೇಕಾಯಿತು. 1918ರಿಂದ ಪ್ರತಿ ವರ್ಷ ಆಡಿದ್ದಾರೆ, ಕೋವಿಡ್‌ನಿಂದ 2020 ಮಾತ್ರ ತಪ್ಪಿತು. ಒಟ್ಟು ಲೆಕ್ಕದಲ್ಲಿ ಮಿಷಿಗನ್ 62, ಓಹಾಯೋ ಸ್ಟೇಟ್ 51, ಸಮ 6.

ಕಿಚ್ಚು ಹೊತ್ತಿದ್ದು ಮಾತ್ರ 1969ರಿಂದ 1978ರವರೆಗಿನ ಹತ್ತು ವರ್ಷದಲ್ಲಿ. ಓಹಾಯೋದಲ್ಲಿ ಕೋಚ್ ವುಡಿ ಹೇಯ್ಸ್. ಅವರ ಕೈಕೆಳಗೇ ಕೆಲಸ ಕಲಿತ ಬೋ ಶೆಂಬೆಕ್ಲರ್ ಮಿಷಿಗನ್‌ಗೆ ಕೋಚ್ ಆಗಿ ಬಂದರು, ಬಂದ ವರ್ಷವೇ ಗುರುವಿನ ಬಲಾಢ್ಯ ತಂಡವನ್ನು 24–12ಕ್ಕೆ ಸೋಲಿಸಿದರು. ಆ ಹತ್ತು ಪಂದ್ಯಗಳಲ್ಲಿ ಶಿಷ್ಯ 5, ಗುರು 4, ಒಂದು ಸಮ. 2006ರಲ್ಲಿ ದೇಶದ ನಂಬರ್ 1 ಮತ್ತು ನಂಬರ್ 2 ಇವೇ ಎರಡು ತಂಡ. ಪಂದ್ಯದ ಹಿಂದಿನ ದಿನ ಶೆಂಬೆಕ್ಲರ್ ತೀರಿಕೊಂಡರು. ಮಾರನೇ ದಿನ ಕೊಲಂಬಸ್‌ನಲ್ಲಿ ಓಹಾಯೋ ಸ್ಟೇಟ್ 42–39ಕ್ಕೆ ಗೆದ್ದಿತು. ಇಲ್ಲಿನ ಹಳಬರಿಗೆ ಆ ವಾರದ ಮಾತು ತೆಗೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಹಿಮ ಬಿದ್ದರೂ ಆಡ್ತಾರಾ?

ಆಡುತ್ತಾರೆ. 1950ರಲ್ಲಿ ಕೊಲಂಬಸ್‌ನಲ್ಲಿ ಹಿಮದ ಬಿರುಗಾಳಿಯಲ್ಲೇ ಆಡಿದರು, ಗೆರೆಗಳೇ ಕಾಣುತ್ತಿರಲಿಲ್ಲ. ಮಿಷಿಗನ್ ಇಡೀ ಪಂದ್ಯದಲ್ಲಿ ಒಂದೇ ಒಂದು ಸಲವೂ ನಾಲ್ಕು ಡೌನ್‌ನಲ್ಲಿ 10 ಗಜ ದಾಟಲಿಲ್ಲ, ಆದರೂ 9–3ಕ್ಕೆ ಗೆದ್ದಿತು.

ಓಹಾಯೋ ಸ್ಟೇಟ್ ನಾಲ್ಕು ವರ್ಷದಿಂದ ಸೋಲುತ್ತಿರುವುದು ಯಾಕೆ? ಅವರ ತಂಡವೇ ಚೆನ್ನಾಗಿತ್ತಲ್ವಾ?

ಈ ಪ್ರಶ್ನೆ ಕೇಳದ ದಿನ ಇಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

2021ರಲ್ಲಿ 42–27. 2022ರಲ್ಲಿ 45–23. 2023ರಲ್ಲಿ 30–24. 2024ರಲ್ಲಿ 13–10. ನಾಲ್ಕೂ ಮಿಷಿಗನ್‌ಗೆ. ಅದಕ್ಕೆ ಮುಂಚೆ 2012ರಿಂದ 2019ರವರೆಗೆ ಸತತ ಎಂಟು ಸಲ ಓಹಾಯೋ ಸ್ಟೇಟ್ ಗೆದ್ದಿತ್ತು, ಹಾಗಾಗಿ ನೋವು ಎರಡರಷ್ಟು.

ಈ ನಾಲ್ಕು ಪಂದ್ಯಗಳಲ್ಲಿ ಚೆಂಡು ಹಿಡಿದು ಓಡಿದ ಗಜಗಳ ಲೆಕ್ಕ ನೋಡಿ. 2021ರಲ್ಲಿ ಮಿಷಿಗನ್ 297, ಓಹಾಯೋ 64. ಆಮೇಲೆ 252ಕ್ಕೆ 143. ಆಮೇಲೆ 156ಕ್ಕೆ 107. ಕಳೆದ ವರ್ಷ 172ಕ್ಕೆ 77. ಪಾಸ್ ಎಸೆಯುವುದರಲ್ಲಿ, ಹಿಡಿಯುವುದರಲ್ಲಿ ಓಹಾಯೋದ ಹುಡುಗರು ಮುಂದಿರಬಹುದು, ಟಿವಿಯಲ್ಲಿ ಚೆಂದ ಕಾಣುವುದೂ ಅದೇ. ಆದರೆ ನವೆಂಬರ್ ಕೊನೆಯ ಚಳಿಯಲ್ಲಿ, ಬೆರಳು ಮರಗಟ್ಟುವ ಹೊತ್ತಿನಲ್ಲಿ, ಎದುರಿನವನ ಎದೆಗೆ ಭುಜ ಕೊಟ್ಟು ಎರಡು ಗಜ, ಮೂರು ಗಜ ಹಿಂದಕ್ಕೆ ತಳ್ಳುವವರು ಯಾರು? ನಾಲ್ಕು ವರ್ಷದಿಂದ ಮಿಷಿಗನ್‌ನವರೇ. 2021ರಲ್ಲಿ ಹಸನ್ ಹ್ಯಾಸ್ಕಿನ್ಸ್ ಒಬ್ಬನೇ ಐದು ಟಚ್‌ಡೌನ್ ಓಡಿದ. 2022ರಲ್ಲಿ ಡೊನೊವನ್ ಎಡ್ವರ್ಡ್ಸ್ ಕೈಗೆ ಪಟ್ಟಿ ಕಟ್ಟಿಕೊಂಡು 216 ಗಜ ಓಡಿದ, ಅದರಲ್ಲಿ ಒಂದು ಓಟ 75 ಗಜ, ಇನ್ನೊಂದು 85.

ನನಗಂತೂ ಅನುಮಾನವೇ ಇಲ್ಲ: ಈ ಪಂದ್ಯ ಗೆಲ್ಲುವುದು ಎರಡು ತಂಡಗಳ ಮುಂದಿನ ಸಾಲು. ಉಳಿದದ್ದೆಲ್ಲ ಆಮೇಲೆ.

ಕಳೆದ ವರ್ಷ ನಿಜವಾಗಿ ಏನಾಯ್ತು?

ನಾನು ಓಹಾಯೋ ಸ್ಟೇಡಿಯಂನಲ್ಲೇ ಇದ್ದೆ. ಮಿಷಿಗನ್ ಆ ವರ್ಷ 11ರಲ್ಲಿ 5 ಸೋತು ಬಂದಿತ್ತು. ಓಹಾಯೋ ಸ್ಟೇಟ್ ದೇಶದಲ್ಲಿ ನಂಬರ್ 2. ಸುಮಾರು 20 ಪಾಯಿಂಟ್‌ನಿಂದ ಗೆಲ್ಲುತ್ತದೆ ಅಂತ ಎಲ್ಲರ ಅಂದಾಜು. ಅರ್ಧ ಪಂದ್ಯಕ್ಕೆ 10–10. ಆಮೇಲೆ ಓಹಾಯೋ ಸ್ಟೇಟ್ ಒಂದು ಪಾಯಿಂಟ್ ಕೂಡ ಗಳಿಸಲಿಲ್ಲ. ಇಡೀ ಪಂದ್ಯದಲ್ಲಿ ಎರಡು ಫೀಲ್ಡ್ ಗೋಲ್ ತಪ್ಪಿತು, ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್ ಎಸೆದ ಎರಡು ಪಾಸ್ ಎದುರಾಳಿಗಳ ಕೈ ಸೇರಿತು.

ಕೊನೆಯ ನಿಮಿಷಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮಿಷಿಗನ್‌ನ ಕೇಲೆಲ್ ಮಲ್ಲಿಂಗ್ಸ್ ಮೂರನೇ ಡೌನ್‌ನಲ್ಲಿ ಚೆಂಡು ಹೊಟ್ಟೆಗೆ ಒತ್ತಿ ಹಿಡಿದು ಗುಂಪಿನೊಳಗೆ ನುಗ್ಗಿದ. ಸಿಕ್ಕಿಬಿದ್ದ ಅಂದುಕೊಂಡು ನನ್ನ ಪಕ್ಕದವರು ಚಪ್ಪಾಳೆಗೆ ಕೈ ಎತ್ತಿಯಾಗಿತ್ತು. ಅವನು ಆಚೆ ಕಡೆ ಹೊರಬಿದ್ದು ಒಟ್ಟು 27 ಗಜ ಓಡಿಬಿಟ್ಟ. ಎತ್ತಿದ ಕೈಗಳು ಹಾಗೇ ತಲೆ ಮೇಲೆ ಹೋದವು. 45 ಸೆಕೆಂಡ್ ಉಳಿದಿದ್ದಾಗ ಡೊಮಿನಿಕ್ ಜ್ವಾಡಾ 21 ಗಜದಿಂದ ಒದ್ದ, 13–10. ಲಕ್ಷ ಜನ ಇದ್ದ ಕಡೆ ಮಿಷಿಗನ್‌ನವರು ಕೂತಿದ್ದ ಮೂಲೆಯ ಸದ್ದು ಮಾತ್ರ ಕೇಳುತ್ತಿತ್ತು.

ಆಮೇಲಿನದ್ದು ಸರಿಯಾಗಲಿಲ್ಲ. ಮೈದಾನದ ನಡುವೆ ಮಿಷಿಗನ್ ಹುಡುಗರು ಬಾವುಟ ನೆಡೋಕೆ ಹೋದರು, ಕೈಕೈ ಮಿಲಾಯಿಸಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು. ಬಿಗ್ ಟೆನ್ ಎರಡೂ ಕಾಲೇಜಿಗೆ ತಲಾ 1 ಲಕ್ಷ ಡಾಲರ್ ದಂಡ ಹಾಕಿತು. ಎರಡೂ ಕಡೆಯದ್ದು ತಪ್ಪು, ಈ ಸಲ ಹಾಗಾಗದಿರಲಿ.

ಮಿಷಿಗನ್ ಗೆದ್ದದ್ದು ಮೋಸದಿಂದ ಅಂತಾರಲ್ಲ?

ಎದುರು ತಂಡದ ಕೋಚ್‌ಗಳು ಮೈದಾನಕ್ಕೆ ಕೊಡುವ ಸನ್ನೆಗಳನ್ನು ಮೊದಲೇ ಜನ ಕಳಿಸಿ ವಿಡಿಯೋ ಮಾಡಿಸಿದ ಪ್ರಕರಣ ಅದು. 2023ರಲ್ಲಿ ಹೊರಬಿತ್ತು, ಕೋಚ್ ಜಿಮ್ ಹಾರ್ಬಾ ಆ ವರ್ಷದ ಈ ಪಂದ್ಯಕ್ಕೆ ಮೈದಾನಕ್ಕೇ ಬರುವಂತಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ದೊಡ್ಡ ದಂಡ ಹಾಕಿತು, ಗೆಲುವುಗಳನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಮಾಡಿದ್ದು ತಪ್ಪೇ. ಆದರೆ ಅದು ಬಯಲಾದ ಮೇಲೂ ಎರಡು ಸಲ ಸೋತಿದ್ದೇವೆ. ನಮ್ಮ ಕಡೆಯವರು ಇದನ್ನೇ ನೆಪ ಮಾಡಿಕೊಳ್ಳುವುದು ನನಗೆ ಹಿಡಿಸುವುದಿಲ್ಲ.

ಕಳೆದ ವರ್ಷ ಸೋತರೂ ಓಹಾಯೋ ಸ್ಟೇಟ್ ಚಾಂಪಿಯನ್ ಆಯ್ತಲ್ಲ? ಮತ್ಯಾಕೆ ಇಷ್ಟು ಚಿಂತೆ?

ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಈಗ 12 ತಂಡಗಳದ್ದು, ಒಂದೆರಡು ಸೋಲಿನಿಂದ ಬಾಗಿಲು ಮುಚ್ಚುವುದಿಲ್ಲ. ಕಳೆದ ಸಲ ಓಹಾಯೋ ಸ್ಟೇಟ್ ಟೆನೆಸಿ, ಆರೆಗಾನ್, ಟೆಕ್ಸಸ್ ಎಲ್ಲವನ್ನೂ ಹೊಡೆದು, ಜನವರಿ 20ರಂದು ನೋಟರ್ ಡೇಮ್ ವಿರುದ್ಧ 34–23ಕ್ಕೆ ಗೆದ್ದು ಚಾಂಪಿಯನ್ ಆಯಿತು. ಖುಷಿಯಾಯಿತು, ಊರೆಲ್ಲ ಕುಣಿಯಿತು. ಆದರೂ ಮಾರನೇ ದಿನ ಆಫೀಸಿನ ಲಿಫ್ಟ್‌ನಲ್ಲಿ ಒಬ್ಬರು ಹೇಳಿದ ಮೊದಲ ಮಾತು "ಮಿಷಿಗನ್ ಪಂದ್ಯ ಒಂದನ್ನು ನಾವು ಗೆದ್ದಿದ್ದರೆ" ಅಂತ. ಕಪ್ ಬೇರೆ, ಇದು ಬೇರೆ. ಮನೆಯಲ್ಲಿ ಮದುವೆ ಚೆನ್ನಾಗಿ ನಡೆದರೂ ದಾಯಾದಿ ಜೊತೆಗಿನ ಕೇಸು ಸೋತದ್ದು ಸೋತದ್ದೇ ಅಲ್ವಾ?

ಈ ವರ್ಷ ಓಹಾಯೋ ಸ್ಟೇಟ್ ಹೇಗಿದೆ?

11ಕ್ಕೆ 11, ನಂಬರ್ 1. ಆಗಸ್ಟ್ 30ರಂದು ಟೆಕ್ಸಸ್ ವಿರುದ್ಧ 14–7 ಗೆದ್ದು ಶುರು ಮಾಡಿದರು, ಅಲ್ಲಿಂದ ಯಾವ ಪಂದ್ಯವೂ ಹತ್ತಿರ ಬಂದಿಲ್ಲ. ವಿಸ್ಕಾನ್ಸಿನ್ 34–0, ಮಿನೆಸೋಟ 42–3, ಪೆನ್ ಸ್ಟೇಟ್ 38–14.

ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್‌ಗೆ ಇದು ಮೊದಲ ಪೂರ್ತಿ ವರ್ಷ. ಹತ್ತು ಪಾಸ್ ಎಸೆದರೆ ಹತ್ತಿರ ಹತ್ತಿರ ಎಂಟು ತಮ್ಮವರ ಕೈ ಸೇರುತ್ತವೆ, ಅಷ್ಟು ಕರಾರುವಾಕ್ಕು. ಹಿಡಿಯೋಕೆ ಜೆರೆಮಾಯಾ ಸ್ಮಿತ್ ಮತ್ತು ಕಾರ್ನೆಲ್ ಟೇಟ್. ಇಬ್ಬರೂ ಪೆಟ್ಟಿನಿಂದ ಕಳೆದ ವಾರ ರಟ್ಗರ್ಸ್ ಪಂದ್ಯ ಆಡಲಿಲ್ಲ, ಆದರೂ ತಂಡ 42–9ಕ್ಕೆ ಗೆದ್ದಿತು. ಡಿಫೆನ್ಸ್ ಇನ್ನೂ ಗಟ್ಟಿ. ಎನ್‌ಎಫ್‌ಎಲ್‌ನಿಂದ ಬಂದ ಮ್ಯಾಟ್ ಪೆಟ್ರೀಶಿಯಾ ಅದನ್ನು ನೋಡಿಕೊಳ್ಳುತ್ತಾರೆ, ಪಂದ್ಯಕ್ಕೆ ಸರಾಸರಿ 8 ಪಾಯಿಂಟ್ ಕೂಡ ಬಿಟ್ಟಿಲ್ಲ. ಹಿಂದೆ ಕೇಲೆಬ್ ಡೌನ್ಸ್ ನಿಂತಿರುತ್ತಾನೆ. ಎದುರಾಳಿ ಎಲ್ಲಿಗೆ ಎಸೆಯುತ್ತಾನೆ ಅಂತ ಎಸೆಯುವವನಿಗಿಂತ ಮೊದಲೇ ಇವನಿಗೆ ಗೊತ್ತಿದ್ದಂತೆ ಕಾಣುತ್ತದೆ. ಅವನೊಬ್ಬನ ಮೇಲೆ ಹತ್ತು ನಿಮಿಷ ಕಣ್ಣಿಟ್ಟು ನೋಡಿ.

ನನ್ನ ಅಳುಕು ಒಂದೇ. ಓಡಿಸುವ ಆಟದಲ್ಲಿ ಹೊಸ ಹುಡುಗ ಬೋ ಜಾಕ್ಸನ್ ಚೆನ್ನಾಗಿ ಆಡುತ್ತಿದ್ದಾನೆ. ಆದರೆ ಅವನ ಮುಂದಿನ ಸಾಲಿಗೆ ಮಿಷಿಗನ್‌ನಂಥವರು ಎದುರಾಗಿ ಬಹಳ ದಿನ ಆಯಿತು.

ಮಿಷಿಗನ್?

9 ಗೆಲುವು, 2 ಸೋಲು. ಓಕ್ಲಹೋಮ ವಿರುದ್ಧ 24–13, ಯುಎಸ್‌ಸಿ ವಿರುದ್ಧ 31–13 ಸೋತಿದೆ, ಎರಡೂ ಹೊರಗಿನ ಊರಲ್ಲಿ. ಕೋಚ್ ಶೆರೋನ್ ಮೂರ್. ಕ್ವಾರ್ಟರ್‌ಬ್ಯಾಕ್ ಬ್ರೈಸ್ ಅಂಡರ್‌ವುಡ್‌ಗೆ ಇನ್ನೂ 18 ವರ್ಷ. ಹೈಸ್ಕೂಲ್ ಮುಗಿಸುವಾಗ ದೇಶಕ್ಕೇ ನಂಬರ್ 1 ಅನ್ನಿಸಿಕೊಂಡ ಹುಡುಗ, ಊರು ಆನ್ ಆರ್ಬರ್ ಹತ್ತಿರದ ಬೆಲ್‌ವಿಲ್. ಕಾಲಲ್ಲಿ ಚುರುಕಿದೆ, ತೋಳಲ್ಲಿ ಬಲ ಇದೆ. ಪಾಸ್ ಇನ್ನೂ ಒಂದೊಂದು ಸಲ ಎಲ್ಲೆಲ್ಲೋ ಹೋಗುತ್ತದೆ.

ಇವರ ಜೀವ ಇರುವುದು ಓಟದಲ್ಲಿ. ಜಸ್ಟಿಸ್ ಹೇಯ್ನ್ಸ್ ಪೆಟ್ಟಾಗಿ ಹೊರಗುಳಿದ ಮೇಲೆ ಜೋರ್ಡನ್ ಮಾರ್ಷಲ್ ಹೊರೆ ಹೊತ್ತ, ಅವನೂ ನಾರ್ತ್‌ವೆಸ್ಟರ್ನ್ ಪಂದ್ಯದಲ್ಲಿ ಭುಜಕ್ಕೆ ಪೆಟ್ಟು ಮಾಡಿಕೊಂಡ. ಈ ಮಾರ್ಷಲ್ ಓಹಾಯೋದ ಹುಡುಗ, ಸಿನ್ಸಿನಾಟಿಯಲ್ಲಿ ಹೈಸ್ಕೂಲ್ ಓದಿದವನು. ನಮ್ಮೂರಿನವನೇ ಎದುರು ಪಾಳಯದಲ್ಲಿ ನಿಂತಿದ್ದಾನೆ. ಹಾಗೇ ಆ ಜ್ವಾಡಾ ಈ ವರ್ಷವೂ ಇದ್ದಾನೆ. ನಾರ್ತ್‌ವೆಸ್ಟರ್ನ್ ವಿರುದ್ಧ ಕೊನೆಯ ಒದೆತದಲ್ಲಿ 24–22ಕ್ಕೆ ಗೆಲ್ಲಿಸಿದ್ದು ಅವನೇ. ಹಾಗಾಗಿ ಕೊನೆಯ ಎರಡು ನಿಮಿಷಕ್ಕೆ ಪಂದ್ಯ ಸಮ ಇದ್ದರೆ ನನ್ನ ಕೈಕಾಲು ತಣ್ಣಗಾಗುತ್ತದೆ.

ಸೋತರೆ ಕೋಚ್ ರಯಾನ್ ಡೇ ಕೆಲಸ ಹೋಗುತ್ತಾ?

ಇಲ್ಲ, ಚಾಂಪಿಯನ್ ಮಾಡಿದವರನ್ನು ಹಾಗೆಲ್ಲ ಕಳಿಸುವುದಿಲ್ಲ. ಆದರೆ ಮಿಷಿಗನ್ ವಿರುದ್ಧ ಅವರ ಲೆಕ್ಕ 1 ಗೆಲುವು, 4 ಸೋಲು. ಗೆದ್ದದ್ದು 2019ರಲ್ಲಿ. ಈ ಊರಲ್ಲಿ ಆ ಲೆಕ್ಕ ಯಾರೂ ಮರೆಯುವುದಿಲ್ಲ.

ಕೊಲಂಬಸ್‌ನಲ್ಲಿ ಬೋರ್ಡುಗಳ ಮೇಲೆ ಕೆಂಪು ಟೇಪ್ ಯಾಕೆ ಅಂಟಿಸಿರ್ತಾರೆ?

ಮಿಷಿಗನ್‌ನ ಗುರುತು ಎಂ ಅಕ್ಷರ. ಈ ವಾರ ಕ್ಯಾಂಪಸ್‌ನಲ್ಲಿ ಎಲ್ಲೆಲ್ಲಿ ಎಂ ಕಂಡರೂ ಅದರ ಮೇಲೆ ಕೆಂಪು ಟೇಪಿನಲ್ಲಿ ಕತ್ತರಿ ಗುರುತು ಹಾಕುತ್ತಾರೆ. ಮೊದಲ ವರ್ಷ ನಾನು ಬೆಳಿಗ್ಗೆ ಲ್ಯಾಬಿಗೆ ಹೋದಾಗ ಕಟ್ಟಡದ ಹೆಸರಲ್ಲಿ ಎರಡು ಅಕ್ಷರ ಮಾಯವಾಗಿತ್ತು, ಯಾರೋ ಪುಂಡರು ಹಾಳು ಮಾಡಿದ್ದಾರೆ ಅಂದುಕೊಂಡೆ. ಮಾರನೇ ವರ್ಷ ಟೇಪ್ ಹರಿದು ಹರಿದು ಕೊಡುವ ಕೆಲಸ ನನ್ನದೇ ಆಗಿತ್ತು. ಚಳಿಗೆ ಟೇಪ್ ಸರಿಯಾಗಿ ಅಂಟುವುದಿಲ್ಲ, ಅಂಗೈಯಲ್ಲಿ ಒತ್ತಿ ಬಿಸಿ ಮಾಡಬೇಕು.

ಬಂಗಾರದ ಪ್ಯಾಂಟ್ ಅಂದರೆ?

ಮಿಷಿಗನ್ ತಂಡವನ್ನು ಸೋಲಿಸಿದ ವರ್ಷ ಓಹಾಯೋ ಸ್ಟೇಟ್‌ನ ಪ್ರತಿ ಆಟಗಾರನಿಗೂ ಪ್ಯಾಂಟ್ ಆಕಾರದ ಪುಟ್ಟ ಬಂಗಾರದ ಪದಕ ಕೊಡುತ್ತಾರೆ. 1934ರಲ್ಲಿ ಕೋಚ್ ಫ್ರಾನ್ಸಿಸ್ ಷ್ಮಿಟ್ ಕಾಲದಲ್ಲಿ ಶುರುವಾಯಿತು. ಮಿಷಿಗನ್‌ನವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟ್ ಹಾಕಿಕೊಳ್ಳುವವರು, ಹೆದರಬೇಡಿ ಅಂತ ಅವರು ಹೇಳಿದ್ದರಂತೆ. ಆ ವರ್ಷ 34–0ಕ್ಕೆ ಗೆದ್ದರು. 2020ರ ನಂತರ ತಂಡ ಸೇರಿದ ಒಬ್ಬನ ಹತ್ತಿರವೂ ಅದು ಇಲ್ಲ. ಡೌನ್ಸ್, ಸ್ಮಿತ್, ಎಲ್ಲರ ಬಳಿ ಚಾಂಪಿಯನ್ ಉಂಗುರ ಇದೆ, ಬಂಗಾರದ ಪ್ಯಾಂಟ್ ಮಾತ್ರ ಇಲ್ಲ.

ಮೈದಾನಕ್ಕೇ ಹೋಗ್ತಿದ್ದೇವೆ. ಏನಾದರೂ ಸಲಹೆ?

ಕೊಲಂಬಸ್‌ನಿಂದ ಸುಮಾರು ಮೂರೂವರೆ ಗಂಟೆ ದಾರಿ, ಥ್ಯಾಂಕ್ಸ್‌ಗಿವಿಂಗ್ ವಾರ ಬೇರೆ, ಬೆಳಗಿನ ಜಾವವೇ ಹೊರಡಿ. ಸ್ಟೇಡಿಯಂ ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು ಅನ್ನಿಸುವುದೇ ಇಲ್ಲ, ಯಾಕೆಂದರೆ ಬಹುಪಾಲು ನೆಲದ ಕೆಳಗಿದೆ. ಗೇಟ್ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಕಾಲ ಕೆಳಗೆ ದೊಡ್ಡ ಬಟ್ಟಲು ತೆರೆದುಕೊಳ್ಳುತ್ತದೆ. ಕೂರುವುದು ಉದ್ದ ಬೆಂಚಿನ ಮೇಲೆ, ಅದು ಐಸಿನ ಹಾಗೆ ಕೊರೆಯುತ್ತದೆ. ಕೂರೋಕೆ ಏನಾದರೂ ದಪ್ಪನೆಯದು ಇರಲಿ, ಕಾಲ ಕೆಳಗೆ ಒಂದು ರಟ್ಟಿನ ತುಂಡು ಹಾಕಿಕೊಳ್ಳಿ, ಕಾಂಕ್ರೀಟಿನ ಚಳಿ ಮೇಲೆ ಬರುವುದಿಲ್ಲ. ಎರಡು ಜೊತೆ ಕಾಲುಚೀಲ. ಓಹಾಯೋ ಬಣ್ಣ ಹಾಕಿಕೊಂಡು ಹೋದರೆ ಒಂದಿಷ್ಟು ಮಾತು ಕೇಳಬೇಕಾಗುತ್ತದೆ, ನಕ್ಕು ಮುಂದೆ ಹೋಗಿ.

ಸರಿ, ಯಾರು ಗೆಲ್ತಾರೆ?

ಓಹಾಯೋ ಸ್ಟೇಟ್ 24, ಮಿಷಿಗನ್ 13. ಈ ಡಿಫೆನ್ಸ್ ವಿರುದ್ಧ 18 ವರ್ಷದ ಹುಡುಗ ಪಾಸ್ ನಂಬಿಕೊಂಡು ಗೆಲ್ಲುವುದು ಕಷ್ಟ, ಓಡಿಸುವವರಿಬ್ಬರಿಗೂ ಪೆಟ್ಟಾಗಿದೆ. ಆದರೆ ಮೊದಲ ಹದಿನೈದು ನಿಮಿಷದಲ್ಲೇ ಮಿಷಿಗನ್ ಪ್ರತಿ ಓಟಕ್ಕೂ ಐದೈದು ಗಜ ತೆಗೆಯೋಕೆ ಶುರು ಮಾಡಿದರೆ ನನ್ನ ಲೆಕ್ಕ ತಪ್ಪಿತು ಅಂತಲೇ ತಿಳಿಯಿರಿ. ಭಾವ 20–17 ಮಿಷಿಗನ್ ಅಂತಾರೆ, ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಊರಲ್ಲಿದ್ದೇವೆ, ಪೂರ್ತಿ ನೋಡೋಕಾಗಲ್ಲ. ಯಾವ ಭಾಗ ನೋಡಬೇಕು?

ಮೊದಲ ಹತ್ತು ನಿಮಿಷ ನೋಡಿ, ಮುಂದಿನ ಸಾಲಿನಲ್ಲಿ ಯಾರು ಯಾರನ್ನು ತಳ್ಳುತ್ತಿದ್ದಾರೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಆಮೇಲೆ ಬೇಕಾದರೆ ಸ್ವಲ್ಪ ಮಲಗಿ, ಹನ್ನೆರಡೂಕಾಲಿಗೆ ಅಲಾರಂ ಇಟ್ಟುಕೊಳ್ಳಿ. ಹೆಚ್ಚುಕಡಿಮೆ ಆ ಹೊತ್ತಿಗೆ ದ್ವಿತೀಯಾರ್ಧ ಶುರುವಾಗುತ್ತದೆ. 2022ರಲ್ಲಿ ಅರ್ಧಕ್ಕೆ ಓಹಾಯೋ ಸ್ಟೇಟ್ 20–17 ಮುಂದಿತ್ತು, ಆಮೇಲೆ ಗಳಿಸಿದ್ದು ಬರೀ 3. ಕಳೆದ ವರ್ಷ ಅದೂ ಇಲ್ಲ. ಈ ಸಲ ಮೂರನೇ ಕ್ವಾರ್ಟರ್‌ನಲ್ಲಿ ಬೋ ಜಾಕ್ಸನ್ ಕೈಗೆ ಚೆಂಡು ಕೊಟ್ಟಾಗ ಅವನು ಮುಂದಕ್ಕೆ ಬೀಳುತ್ತಾನೋ, ಹಿಂದಕ್ಕೆ ಬೀಳುತ್ತಾನೋ, ಅದನ್ನು ನೋಡಿ.